ಎರವಲು ಕೊಟ್ಟ ಕುದುರೆ, ಬರೆದಿಡದ ಮಾತು



ಕೊಡುವ ಗುಣ ನಮ್ಮ ಮನೆತನಗಳಿಗೆ ಹಿರಿಯರಿಂದ ಬಂದ ಬಳುವಳಿ. ಬಿತ್ತನೆಯ ಹದ ಮೀರುತ್ತಿದೆ ಎಂದು ನೆರೆಯವರು ಕೇಳಿದರೆ ಎತ್ತಿನ ಜೋಡಿಯನ್ನು ಬಿಟ್ಟುಕೊಡುತ್ತೇವೆ. ಬೀಗರ ಮನೆಯಲ್ಲಿ ಮದುವೆಯೆಂದರೆ ಹಂಡೆ, ಜಮಖಾನೆ, ಬೆಳ್ಳಿಯ ಆರತಿ ತಟ್ಟೆಗಳನ್ನೂ ಕಳುಹಿಸುತ್ತೇವೆ. ಹೀಗೆ ಕೊಡುವಾಗ ಕಾಗದ, ಸಹಿ, ಸಾಕ್ಷಿ ಎಂಬ ಮಾತೆತ್ತುವುದು ಸಣ್ಣತನವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆ ಭಾವನೆಯ ಹಿಂದಿರುವ ಹೃದಯವಂತಿಕೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾಲ್ಕು ದಶಕಗಳ ಕಾಲ ವಕೀಲಿ ವೃತ್ತಿಯಲ್ಲಿದ್ದು ನಾನು ಕಂಡ ಸತ್ಯವೊಂದಿದೆ. ಕಾಗದ ಬರೆದುದರಿಂದ ಮುರಿದ ಸಂಬಂಧಗಳು ಕೆಲವೇ. ಬರೆಯದೆ ಬಿಟ್ಟುದರಿಂದ ಮುರಿದವು ಅನೇಕ. ಅವುಗಳಲ್ಲಿ ಒಂದು ನಮ್ಮ ಮನೆಯದೇ ಆಗಿತ್ತು. ಅದಕ್ಕೆ ಕಾರಣವಾದುದು ಒಂದು ಕುದುರೆ.

ನಮ್ಮ ಮನೆಯ ಕಥೆ

ಸುಮಾರು ಐವತ್ತು ವರ್ಷಗಳ ಹಿಂದಿನ ಮಾತು. ಭೀಮಾ ತೀರದ ನಮ್ಮ ಊರಿನಲ್ಲಿ ಕುದುರೆ ಸಾಕುವ ಮನೆಗಳು ಆಗ ಇನ್ನೂ ಕೆಲವು ಉಳಿದಿದ್ದವು. ನಮ್ಮ ತಂದೆಯವರು ಕಂದು ಬಣ್ಣದ, ಹಣೆಯ ಮೇಲೆ ಬಿಳಿಯ ಬೊಟ್ಟಿದ್ದ ಹೆಣ್ಣು ಕುದುರೆಯೊಂದನ್ನು ಸಾಕಿದ್ದರು. ನನ್ನ ಅಕ್ಕನನ್ನು ಕೊಟ್ಟ ಮನೆಯ ಹಿರಿಯರು ತಮ್ಮೂರ ಜಾತ್ರೆಯ ಮೆರವಣಿಗೆಗೆ ಆ ಕುದುರೆಯನ್ನು ಕೇಳಿದರು. ತಂದೆಯವರು ಸಂತೋಷದಿಂದ ಕಳುಹಿಸಿದರು. ಜಾತ್ರೆ ಮುಗಿಯಿತು, ಸುಗ್ಗಿ ಬಂತು, ಮಳೆಗಾಲ ಬಂತು. ಕುದುರೆ ಅಲ್ಲಿಯೇ ಉಳಿಯಿತು. ಬೀಗರ ನಡುವೆ ಕೇಳುವ ಸಂಕೋಚ ಇವರಿಗೆ, ಕೇಳಲಿಲ್ಲವೆಂಬ ನೆಮ್ಮದಿ ಅವರಿಗೆ. ಎರಡು ವರ್ಷಗಳಾದ ಮೇಲೆ ಕುದುರೆ ಅಲ್ಲಿ ಮರಿ ಹಾಕಿತು. ಮರುವರ್ಷ ನಮ್ಮ ತಂದೆಯವರು ಲಿಂಗೈಕ್ಯರಾದರು.

ಕಾರ್ಯಗಳೆಲ್ಲ ಮುಗಿದ ಮೇಲೆ ನನ್ನ ಅಣ್ಣ ಕುದುರೆಯನ್ನು ತರಲು ಹೋದ. "ಅದು ಹಿರಿಯರು ಮಗಳ ಮನೆಗೆಂದು ಕೊಟ್ಟದ್ದಲ್ಲವೇ?" ಎಂದು ಅಲ್ಲಿಯವರು ಕೇಳಿದರು. ಅವರು ಸುಳ್ಳಾಡಲಿಲ್ಲ, ಹಾಗೆಂದೇ ಅವರು ನಂಬಿದ್ದರು. ನಾವು ಎರವಲೆಂದು ನಂಬಿದ್ದೆವು. ಕೊಟ್ಟವರು ಇರಲಿಲ್ಲ. ಪಡೆದ ಹಿರಿಯರೂ ಅದೇ ವರ್ಷ ಹಾಸಿಗೆ ಹಿಡಿದು ಮಾತು ಕಳೆದುಕೊಂಡಿದ್ದರು. ಎರಡೂ ಕಡೆ ಪ್ರಾಮಾಣಿಕರಿದ್ದರು, ನಡುವೆ ಒಂದು ಹಾಳೆ ಕಾಗದವಿರಲಿಲ್ಲ. ಅಣ್ಣ ಕಟುವಾಗಿ ಮಾತನಾಡಿ ಬರಿಗೈಯಲ್ಲಿ ಹಿಂದಿರುಗಿದ. ಆ ವರ್ಷ ಪಂಚಮಿಗೆ ಅಕ್ಕ ತವರಿಗೆ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ.

"ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂಬ ಗಾದೆಯನ್ನು ಅಂದು ಊರವರೆಲ್ಲ ನಮಗೆ ಹೇಳಿದರು. ಗಾದೆ ನಗುವಿಗೆ ಚೆನ್ನ, ಬದುಕಿಗಲ್ಲ. ಕೊಟ್ಟವನು ಕೋಡಂಗಿಯಾಗದಂತೆ, ಇಸಕೊಂಡವನು ಕಳ್ಳನೆನಿಸದಂತೆ ಕಾಯುವ ದಾರಿಯನ್ನು ನಮ್ಮ ಕಾನೂನು ಎಂದೋ ಹಾಕಿಕೊಟ್ಟಿದೆ. ಅದನ್ನು ತಿಳಿದುಕೊಳ್ಳುವುದು ಈ ಲೇಖನದ ಉದ್ದೇಶ. ಇಂದು ಕುದುರೆ ಸಾಕುವ ಮನೆಗಳು ವಿರಳವಾದರೂ ಮೆರವಣಿಗೆಗೆ, ಮದುವೆಗೆ, ಸವಾರಿ ಶಾಲೆಗೆ, ತೋಟದ ಮನೆಗೆ ಕುದುರೆಯನ್ನು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ನಿಂತಿಲ್ಲ. ಎತ್ತು, ಎಮ್ಮೆ, ಹಸುಗಳನ್ನು ಸಾಕಲು ಕೊಡುವವರಿಗೂ ಇಲ್ಲಿ ಹೇಳುವ ಬಹುಪಾಲು ವಿಷಯ ಅನ್ವಯಿಸುತ್ತದೆ.

ಕಾನೂನಿನಲ್ಲಿ ಕುದುರೆ

1872ರ ಭಾರತೀಯ ಕರಾರು ಅಧಿನಿಯಮವು ಇಂದಿಗೂ ಜಾರಿಯಲ್ಲಿದೆ. ಒಬ್ಬನು ತನ್ನ ವಸ್ತುವನ್ನು ಒಂದು ಉದ್ದೇಶಕ್ಕಾಗಿ ಮತ್ತೊಬ್ಬನ ವಶಕ್ಕೆ ಒಪ್ಪಿಸಿ, ಉದ್ದೇಶ ತೀರಿದ ಮೇಲೆ ಮರಳಿ ಪಡೆಯುವ ಏರ್ಪಾಡನ್ನು ಆ ಅಧಿನಿಯಮ ಬೈಲ್‌ಮೆಂಟ್ ಎಂದು ಕರೆದು, 148ನೆಯ ಕಲಮಿನಿಂದ ಮುಂದಕ್ಕೆ ಅದರ ನಿಯಮಗಳನ್ನು ಹೇಳುತ್ತದೆ. ನಮ್ಮ ಭಾಷೆಯ ಎರವಲು, ಬಾಡಿಗೆ, ಕಾಪಾಡಲು ಒಪ್ಪಿಸುವುದು ಇವೆಲ್ಲವೂ ಅದರೊಳಗೆ ಬರುತ್ತವೆ. ಆ ಕಾಲದ ಶಾಸನಕರ್ತರು ನಿಯಮಗಳನ್ನು ವಿವರಿಸಲು ಕೊಟ್ಟ ದೃಷ್ಟಾಂತಗಳಲ್ಲಿ ಕುದುರೆ ಮತ್ತೆ ಮತ್ತೆ ಬರುತ್ತದೆ ಎಂಬುದು ಗಮನಾರ್ಹ.

ಮೊದಲನೆಯದು, ಕೊಡುವವನ ಹೊಣೆ. ಕುದುರೆಗೆ ಒದೆಯುವ, ಬೆದರಿ ಓಡುವ ಕೆಟ್ಟ ಚಾಳಿಯಿದೆಯೆಂದು ಗೊತ್ತಿದ್ದೂ ಅದನ್ನು ಹೇಳದೆ ಎರವಲು ಕೊಟ್ಟು, ಪಡೆದವನು ಬಿದ್ದು ಗಾಯಗೊಂಡರೆ ಕೊಟ್ಟವನೇ ನಷ್ಟ ತುಂಬಬೇಕು. ಇದು 150ನೆಯ ಕಲಮಿನ ದೃಷ್ಟಾಂತ. ಬಾಡಿಗೆಗೆ ಕೊಟ್ಟಿದ್ದರೆ ಹೊಣೆ ಇನ್ನೂ ಹೆಚ್ಚು: ದೋಷ ತನಗೆ ತಿಳಿದಿರಲಿಲ್ಲವೆಂಬ ಮಾತು ಅಲ್ಲಿ ನಡೆಯದು. ಆದುದರಿಂದ ಕುದುರೆಯ ಗುಣದಂತೆ ಅವಗುಣವನ್ನೂ ಬರಹದಲ್ಲಿ ತಿಳಿಸುವುದು ಕೊಡುವವನಿಗೇ ರಕ್ಷೆ.

ಎರಡನೆಯದು, ಪಡೆದವನ ಹೊಣೆ. ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನವನ್ನು ಪಡೆದವನು ಮಾಡಬೇಕು. ಅಷ್ಟು ಮಾಡಿಯೂ ಕುದುರೆ ಸತ್ತರೆ ಅಥವಾ ಕುಂಟಾದರೆ, ಬೇರೆ ಕರಾರಿಲ್ಲದ ಪಕ್ಷದಲ್ಲಿ ಅವನು ಹೊಣೆಗಾರನಲ್ಲ. "ಬೇರೆ ಕರಾರಿಲ್ಲದ ಪಕ್ಷದಲ್ಲಿ" ಎಂಬ ಮಾತನ್ನು ಗಮನಿಸಬೇಕು. ಹೊಟ್ಟೆಶೂಲೆಯಿಂದ ಒಂದೇ ರಾತ್ರಿಯಲ್ಲಿ ಪ್ರಾಣ ಬಿಡುವ ಪ್ರಾಣಿ ಕುದುರೆ. ಆ ನಷ್ಟವನ್ನು ಯಾರು ಹೊರಬೇಕೆಂಬುದನ್ನು ಮೊದಲೇ ಬರೆದುಕೊಳ್ಳದಿದ್ದರೆ ಜಗಳ ಕಟ್ಟಿಟ್ಟದ್ದು.

ಮೂರನೆಯದು, ಬಳಕೆಯ ಮಿತಿ. ನಿನ್ನ ಸವಾರಿಗೆ ಮಾತ್ರ ಎಂದು ಕೊಟ್ಟ ಕುದುರೆಯನ್ನು ಪಡೆದವನು ತನ್ನ ಮನೆಯವರೊಬ್ಬರಿಗೆ ಹತ್ತಲು ಕೊಟ್ಟ. ಹತ್ತಿದವರು ಎಚ್ಚರದಿಂದಲೇ ನಡೆಸಿದರೂ ಕುದುರೆ ಆಕಸ್ಮಿಕವಾಗಿ ಬಿದ್ದು ಗಾಯಗೊಂಡಿತು. 154ನೆಯ ಕಲಮಿನ ಪ್ರಕಾರ ಪಡೆದವನೇ ನಷ್ಟ ತುಂಬಬೇಕು. ಸವಾರಿಗೆಂದು ಬಾಡಿಗೆಗೆ ಪಡೆದ ಕುದುರೆಯನ್ನು ಗಾಡಿಗೆ ಕಟ್ಟಿದರೆ ಒಡೆಯನು ಬಯಸಿದಲ್ಲಿ ಕರಾರನ್ನು ಅಲ್ಲಿಗೇ ಮುಗಿಸಬಹುದೆಂದು 153ನೆಯ ಕಲಂ ಹೇಳುತ್ತದೆ. ಆದರೆ ಯಾವ ಬಳಕೆಗೆಂದು ಕೊಟ್ಟೆವು ಎಂಬುದನ್ನೇ ಬರೆದಿಡದಿದ್ದರೆ ಮಿತಿ ಮೀರಿದುದನ್ನು ತೋರಿಸುವುದು ಹೇಗೆ?

ನಾಲ್ಕನೆಯದು, ಮರಳಿಸುವಿಕೆ. ಅವಧಿ ಮುಗಿದಾಗ ಅಥವಾ ಉದ್ದೇಶ ತೀರಿದಾಗ ಕೇಳದೆಯೇ ತಂದೊಪ್ಪಿಸುವುದು ಪಡೆದವನ ಕರ್ತವ್ಯ. ತನ್ನ ತಪ್ಪಿನಿಂದ ತಡಮಾಡಿದರೆ, ಅಲ್ಲಿಂದ ಮುಂದೆ ಕುದುರೆಗೆ ಒದಗುವ ಯಾವುದೇ ಹಾನಿಗೆ ಅವನೇ ಹೊಣೆ. ಪ್ರತಿಫಲವಿಲ್ಲದೆ ಕೊಟ್ಟ ಎರವಲನ್ನು ಅವಧಿಗೆ ಮೊದಲೂ ಒಡೆಯನು ಮರಳಿ ಕೇಳಬಹುದು. ಆದರೆ ಅವನ ಮಾತನ್ನು ನಂಬಿ ನಡೆದುಕೊಂಡ ಎರವಲುಗಾರನಿಗೆ ಅವಧಿಗೆ ಮೊದಲು ಹಿಂದಿರುಗಿಸುವುದರಿಂದ, ತಾನು ಪಡೆದ ಪ್ರಯೋಜನವನ್ನೂ ಮೀರಿದ ನಷ್ಟವಾದರೆ, ಆ ಹೆಚ್ಚಿನ ನಷ್ಟವನ್ನು ಒಡೆಯನು ತುಂಬಿಕೊಡಬೇಕು.

ಐದನೆಯದು, ನಮ್ಮ ಮನೆಗೆ ನೇರವಾಗಿ ತಟ್ಟಿದ ನಿಯಮ. ಪ್ರತಿಫಲವಿಲ್ಲದ ಎರವಲು, ಕೊಟ್ಟವನ ಅಥವಾ ಪಡೆದವನ ಮರಣದೊಂದಿಗೆ ಕೊನೆಗೊಳ್ಳುತ್ತದೆ ಎಂದು 162ನೆಯ ಕಲಂ ಹೇಳುತ್ತದೆ. ಅಂದರೆ ತಂದೆಯವರು ಲಿಂಗೈಕ್ಯರಾದ ಬಳಿಕ ಕುದುರೆ ನಮ್ಮ ಮನೆಗೆ ಬರಬೇಕಿತ್ತು. ಮರಿಯ ವಿಷಯವೂ ಸ್ಪಷ್ಟವಿದೆ. ಕಾಪಾಡಲು ಬಿಟ್ಟ ಹಸು ಕರು ಹಾಕಿದರೆ ಹಸುವಿನೊಂದಿಗೆ ಕರುವನ್ನೂ ಒಪ್ಪಿಸಬೇಕೆಂಬುದು 163ನೆಯ ಕಲಮಿನ ದೃಷ್ಟಾಂತ. ಬೇರೆ ಕರಾರು ಇಲ್ಲದಿದ್ದರೆ ಕುದುರೆಯ ಮರಿಯೂ ಒಡೆಯನದೇ. ಆದರೆ ಇವೆಲ್ಲ ನಿಯಮಗಳು ನಮ್ಮ ಪರವಾಗಿದ್ದರೂ, ಅದು ಎರವಲೇ ಹೌದೆಂದು ತೋರಿಸುವ ಪುರಾವೆ ನಮ್ಮಲ್ಲಿರಲಿಲ್ಲ.

ವಶದಲ್ಲಿರುವವನ ಬಲ

ಇಲ್ಲಿಯೇ ವ್ಯವಹಾರದ ಮರ್ಮವಿದೆ. ಒಂದು ವಸ್ತು ಯಾರ ವಶದಲ್ಲಿದೆಯೋ ಅವನು ಅದರ ಒಡೆಯನಲ್ಲ ಎಂದು ವಾದಿಸುವವನೇ ಅದನ್ನು ಸಿದ್ಧಪಡಿಸಬೇಕೆಂಬುದು ನಮ್ಮ ಸಾಕ್ಷ್ಯ ಕಾನೂನಿನ ನಿಯಮ. ಹೊಲ, ಮನೆಗಳಿಗಾದರೆ ಪಹಣಿಯಿದೆ, ನೋಂದಾಯಿತ ಪತ್ರವಿದೆ. ಕುದುರೆ ಚರ ಸ್ವತ್ತು. ಸಂತೆಯಲ್ಲಿ ಕೈಬದಲಾಯಿಸುವಾಗ ಬಹಳ ಸಲ ಚೀಟಿಯೂ ಇರುವುದಿಲ್ಲ.

ಮೇಲಾಗಿ, ಚರ ಸ್ವತ್ತಿನ ದಾನಕ್ಕೆ ನೋಂದಣಿ ಕಡ್ಡಾಯವಲ್ಲ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 123ನೆಯ ಕಲಮಿನಂತೆ ವಸ್ತುವನ್ನು ಕೈಗೊಪ್ಪಿಸಿದರೂ ದಾನ ಪೂರ್ಣವಾಗುತ್ತದೆ. ಎರವಲು ಕೊಡುವಾಗಲೂ ಹಗ್ಗವನ್ನು ಕೈಗೆ ಒಪ್ಪಿಸುತ್ತೇವೆ, ದಾನ ಕೊಡುವಾಗಲೂ ಹಗ್ಗವನ್ನೇ ಒಪ್ಪಿಸುತ್ತೇವೆ. ನೋಡುವವರ ಕಣ್ಣಿಗೆ ಎರಡೂ ಒಂದೇ. ಭೇದವಿರುವುದು ಮನಸ್ಸಿನಲ್ಲಿ, ಆಡಿದ ಮಾತಿನಲ್ಲಿ. ಅದನ್ನು ಹಿಡಿದಿಡಬಲ್ಲದ್ದು ಬರಹವೊಂದೇ.

ಪಡೆದವನು ಕುದುರೆಯನ್ನು ಮೂರನೆಯವನಿಗೆ ಮಾರಿಬಿಟ್ಟರೆ ಏನು ಗತಿ? 1930ರ ಸರಕು ಮಾರಾಟ ಅಧಿನಿಯಮದ 27ನೆಯ ಕಲಂ ಒಡೆಯನ ಪರವಾಗಿದೆ: ಮಾರಿದವನಿಗೆ ಇಲ್ಲದ ಹಕ್ಕು ಕೊಂಡವನಿಗೆ ಬರಲಾರದು. ಆದರೆ ಒಡೆಯನ ನಡವಳಿಕೆಯೇ ಮಾರುವವನಿಗೆ ಅಧಿಕಾರವಿದೆಯೆಂಬ ಭಾವನೆ ಹುಟ್ಟಿಸಿದ್ದರೆ ಆ ರಕ್ಷೆ ತಪ್ಪಿಹೋಗಬಹುದು. ಕುದುರೆಯೊಂದಿಗೆ ಖರೀದಿಯ ಮೂಲ ರಸೀದಿಯನ್ನೂ ಕೊಟ್ಟು ಕಳುಹಿಸುವುದು ಅಂತಹ ಅವಿವೇಕದ ನಡೆ. ಮೂಲಪತ್ರಗಳು ಮನೆಯಲ್ಲಿರಲಿ, ಕುದುರೆಯೊಂದಿಗೆ ನಕಲು ಹೋಗಲಿ.

ಇನ್ನೊಂದು ಗುಪ್ತವಾದ ಅಪಾಯವಿದೆ. "ಈಗ ಒಯ್ದು ನೋಡಿ, ಮನಸ್ಸಿಗೆ ಬಂದರೆ ನಿಧಾನವಾಗಿ ಹಣ ಕೊಡಿ" ಎಂದು ಕೊಡುವವರುಂಟು. ಕೊಳ್ಳಲು ಒಪ್ಪಿಕೊಂಡು, ಒಡೆಯನ ಸಮ್ಮತಿಯಿಂದಲೇ ವಶ ಪಡೆದವನು ಆ ವಸ್ತುವನ್ನು ಬೇರೊಬ್ಬನಿಗೆ ಮಾರಿದರೆ, ಆ ಬೇರೊಬ್ಬನು ನಿಜಸ್ಥಿತಿ ತಿಳಿಯದೆ ಸದ್ಭಾವನೆಯಿಂದ ಕೊಂಡಿದ್ದಲ್ಲಿ, ಅದೇ ಅಧಿನಿಯಮದ 30ನೆಯ ಕಲಂ ಅವನನ್ನು ರಕ್ಷಿಸಬಲ್ಲದು. ಆದುದರಿಂದ ಎರವಲನ್ನೂ ಮಾರಾಟವನ್ನೂ ಒಂದೇ ಮಾತಿನಲ್ಲಿ ಬೆರೆಸಬಾರದು. ಎರವಲಾದರೆ ಎರವಲೆಂದೇ ಇರಲಿ. ಮಾರುವ ಮನಸ್ಸಾದಾಗ ಹಣ ಪಡೆದು ಬೇರೆ ಪತ್ರ ಮಾಡಿಕೊಡಲಿ.

ಕುದುರೆ ಇದೇ ಎಂದು ಗುರುತಿಸುವ ಬಗೆ

ಪತ್ರದಲ್ಲಿ "ಒಂದು ಕಂದು ಕುದುರೆ" ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. ನಮ್ಮ ಹಿರಿಯರು ಕುದುರೆ ಕೊಳ್ಳುವಾಗ ಸುಳಿಗಳನ್ನು ನೋಡುತ್ತಿದ್ದರು. ಶುಭಾಶುಭದ ನಂಬಿಕೆಯನ್ನು ಬದಿಗಿಟ್ಟರೂ ಸುಳಿಯು ಗುರುತಿಗೆ ಬಹಳ ಉಪಯುಕ್ತ. ಹಣೆ, ಕುತ್ತಿಗೆ, ಎದೆಗಳ ಮೇಲೆ ಅದಿರುವ ಸ್ಥಾನ ಕುದುರೆಯಿಂದ ಕುದುರೆಗೆ ಬೇರೆಯಾಗಿರುತ್ತದೆ. ಇಂದಿಗೂ ಕುದುರೆಗಳ ಗುರುತು ಪುಸ್ತಿಕೆಗಳಲ್ಲಿ ದೇಹದ ರೇಖಾಚಿತ್ರದ ಮೇಲೆ ಸುಳಿಗಳನ್ನೂ ಬಿಳುಪುಗಳನ್ನೂ ಗುರುತು ಹಾಕುವ ಪದ್ಧತಿಯಿದೆ. ಬಣ್ಣ, ಲಿಂಗ, ಅಂದಾಜು ವಯಸ್ಸು, ಹೆಗಲಿನ ಎತ್ತರ, ಹಣೆಯ ಬೊಟ್ಟು ಅಥವಾ ಪಟ್ಟೆ, ಯಾವ ಯಾವ ಕಾಲಿಗೆ ಎಷ್ಟೆತ್ತರದವರೆಗೆ ಬಿಳುಪು, ಹಳೆಯ ಗಾಯದ ಕಲೆ, ಸುಟ್ಟ ಮುದ್ರೆ ಇವೆಲ್ಲವೂ ಪತ್ರದಲ್ಲಿರಬೇಕು. ಎಡ, ಬಲ, ಮುಂದು, ಹಿಂದು ನಾಲ್ಕೂ ಕಡೆಯಿಂದ ದಿನಾಂಕ ಸಹಿತ ಛಾಯಾಚಿತ್ರ ತೆಗೆದು ಲಗತ್ತಿಸಬೇಕು.

ಮೈಕ್ರೋಚಿಪ್ ಅಳವಡಿಸಿದರೆ ಇನ್ನೂ ಭದ್ರ. ಪಶುವೈದ್ಯರು ಅಕ್ಕಿಕಾಳಿನಷ್ಟು ಸಣ್ಣ ಸಾಧನವೊಂದನ್ನು ಸಾಮಾನ್ಯವಾಗಿ ಕುತ್ತಿಗೆಯ ಎಡಭಾಗದಲ್ಲಿ ಸೂಜಿಯ ಮೂಲಕ ಸೇರಿಸುತ್ತಾರೆ. ಓದುವ ಯಂತ್ರವನ್ನು ಹಿಡಿದರೆ 15 ಅಂಕಿಗಳ ಸಂಖ್ಯೆ ಕಾಣುತ್ತದೆ. ರೇಸಿನ ಥರೋಬ್ರೆಡ್ ಕುದುರೆಗಳಿಗೆ ಪುಣೆಯಲ್ಲಿರುವ ಭಾರತೀಯ ಸ್ಟಡ್ ಬುಕ್ ಪ್ರಾಧಿಕಾರದ ದಾಖಲೆಗಳಿರುತ್ತವೆ. ರೇಸಿನಿಂದ ನಿವೃತ್ತವಾದ ಕುದುರೆಯನ್ನು ಸವಾರಿಗೆಂದು ಕೊಡುವವರು ಆ ದಾಖಲೆಯ ವಿವರವನ್ನು ಪತ್ರದಲ್ಲಿ ಸೇರಿಸಬೇಕು.

ಒಂದು ಎಚ್ಚರಿಕೆ: ಗುರುತಿನ ಪತ್ರ ಬೇರೆ, ಒಡೆತನದ ಪತ್ರ ಬೇರೆ. ಕುದುರೆಯನ್ನು ಎರವಲು ಕೊಡುವ ಪದ್ಧತಿ ಬಹಳ ಬಳಕೆಯಲ್ಲಿರುವ ಇಂಗ್ಲೆಂಡಿನಲ್ಲಿ ಪ್ರತಿಯೊಂದು ಕುದುರೆಗೂ ಪಾಸ್‌ಪೋರ್ಟ್ ಕಡ್ಡಾಯ. 2020ರ ಅಕ್ಟೋಬರ್ 1ರಿಂದ ಮೈಕ್ರೋಚಿಪ್ ಕೂಡ ಎಲ್ಲ ಕುದುರೆಗಳಿಗೆ ಕಡ್ಡಾಯವಾಯಿತು. ಆದರೆ ಅಲ್ಲಿಯೂ ಪಾಸ್‌ಪೋರ್ಟನ್ನು ಒಡೆತನದ ಪುರಾವೆಯೆಂದು ಪರಿಗಣಿಸುವುದಿಲ್ಲ. ಕುದುರೆ ಎಲ್ಲಿದ್ದರೆ ಪಾಸ್‌ಪೋರ್ಟ್ ಅಲ್ಲಿರಬೇಕಾದುದರಿಂದ ಅದು ಎರವಲು ಪಡೆದವನ ಕೈಯಲ್ಲಿಯೇ ಇರುತ್ತದೆ. ಈ ಕಾರಣದಿಂದಲೇ ಅಲ್ಲಿನ ಬ್ರಿಟಿಷ್ ಹಾರ್ಸ್ ಸೊಸೈಟಿಯು ಎರವಲಿಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕೆಂದು ತಿಳಿಹೇಳುತ್ತ ಬಂದಿದೆ. ನಮ್ಮಲ್ಲಿ ಖರೀದಿಯ ರಸೀದಿ, ಸಂತೆಯ ಚೀಟಿ, ಹಣ ಪಾವತಿಯ ಬ್ಯಾಂಕ್ ದಾಖಲೆ, ನಮ್ಮ ಹೆಸರಿನಲ್ಲಿರುವ ವಿಮೆ, ಪಶುವೈದ್ಯರ ಬಿಲ್ಲುಗಳು ಒಡೆತನವನ್ನು ತೋರಿಸಲು ನೆರವಾಗುತ್ತವೆ. ಮನೆಯಲ್ಲಿಯೇ ಹುಟ್ಟಿದ ಕುದುರೆಗೆ ರಸೀದಿಯಿರದು. ಅಂತಹ ಕುದುರೆಯನ್ನು ಕೊಡುವಾಗ, ಅದು ಕೊಟ್ಟವರದೇ ಎಂದು ಪಡೆದವರು ಒಪ್ಪಿಕೊಂಡ ಬರಹವೇ ಅತ್ಯಂತ ಬಲವಾದ ಪುರಾವೆ.

ಪತ್ರದಲ್ಲಿ ಇರಬೇಕಾದ ಅಂಶಗಳು

ಚರ ಸ್ವತ್ತಿನ ಎರವಲಿನ ಕರಾರಿಗೆ ನೋಂದಣಿ ಕಡ್ಡಾಯವಲ್ಲ. ಆದರೂ ಯೋಗ್ಯ ಮೌಲ್ಯದ ಛಾಪಾ ಕಾಗದದ ಮೇಲೆ ಎರಡು ಪ್ರತಿ ಮಾಡಿ, ಪ್ರತಿಯೊಂದು ಪುಟಕ್ಕೂ ಇಬ್ಬರೂ ಸಹಿ ಹಾಕಿ, ಇಬ್ಬರು ಸಾಕ್ಷಿಗಳ ಸಹಿ ಪಡೆದು, ಒಂದೊಂದು ಪ್ರತಿಯನ್ನು ಇಟ್ಟುಕೊಳ್ಳುವುದು ಉತ್ತಮ. ಭಾಷೆ ಸರಳ ಕನ್ನಡವಾಗಿರಲಿ. ಅದರಲ್ಲಿ ಈ ಅಂಶಗಳಿರಬೇಕು:

1. ಉಭಯತರ ಪೂರ್ಣ ಹೆಸರು, ವಿಳಾಸ ಮತ್ತು ಪತ್ರದ ದಿನಾಂಕ.

2. "ಈ ಕುದುರೆಯ ಒಡೆತನ ಕೊಟ್ಟವರದೇ ಆಗಿದೆ, ಇದು ದಾನವೂ ಅಲ್ಲ, ಮಾರಾಟವೂ ಅಲ್ಲ, ಎರವಲು ಮಾತ್ರ" ಎಂಬ ಸ್ಪಷ್ಟ ವಾಕ್ಯ. ಇಡೀ ಪತ್ರದ ಪ್ರಾಣ ಈ ವಾಕ್ಯದಲ್ಲಿದೆ.

3. ಮೇಲೆ ಹೇಳಿದ ಗುರುತಿನ ವಿವರಗಳು ಮತ್ತು ಛಾಯಾಚಿತ್ರಗಳು. ಜೀನು, ಲಗಾಮು, ಮೆರವಣಿಗೆಯ ಒಡವೆಗಳನ್ನೂ ಕೊಟ್ಟಿದ್ದರೆ ಅವುಗಳ ಪಟ್ಟಿ.

4. ಕುದುರೆಯ ಸ್ವಭಾವ, ತಿಳಿದಿರುವ ದೋಷ ಮತ್ತು ಕಾಯಿಲೆಗಳು.

5. ಯಾವ ದಿನದಿಂದ ಯಾವ ದಿನದವರೆಗೆ, ಯಾವ ಕೆಲಸಕ್ಕೆ, ಯಾರು ಸವಾರಿ ಮಾಡಬಹುದು, ಎಲ್ಲಿ ಇರಿಸಬೇಕು ಎಂಬ ವಿವರ. ಒಡೆಯರ ಲಿಖಿತ ಸಮ್ಮತಿಯಿಲ್ಲದೆ ಬೇರೆ ಊರಿಗೆ ಒಯ್ಯಬಾರದು, ಮತ್ತೊಬ್ಬರಿಗೆ ಕೊಡಬಾರದು, ಮಾರಬಾರದು, ಅಡವಿಡಬಾರದು ಎಂಬ ನಿಬಂಧನೆ.

6. ಹುಲ್ಲು, ಹುರುಳಿ, ಲಾಳ, ಔಷಧಗಳ ಖರ್ಚು ಯಾರದು ಎಂಬುದು. ಆರರಿಂದ ಎಂಟು ವಾರಗಳಿಗೊಮ್ಮೆ ಗೊರಸಿನ ಆರೈಕೆ, ಕಾಲಕಾಲಕ್ಕೆ ಜಂತುಹುಳುವಿನ ಔಷಧ, ಧನುರ್ವಾಯುವಿನ ಲಸಿಕೆ ಇವನ್ನು ಬಿಡಿಸಿ ಬರೆಯಬೇಕು. ಕುದುರೆಯನ್ನು ಅವರ ಉಪಯೋಗಕ್ಕೆ ಕೊಟ್ಟಿರುವಿರೋ, ನಿಮಗಾಗಿ ಕಾಪಾಡಲು ಬಿಟ್ಟಿರುವಿರೋ ಎಂಬುದು ಇಲ್ಲಿ ಮುಖ್ಯ. ಪ್ರತಿಫಲವಿಲ್ಲದೆ ನಿಮಗಾಗಿ ಕಾಪಾಡುತ್ತಿರುವವರ ಅಗತ್ಯ ವೆಚ್ಚವನ್ನು ನೀವೇ ಕೊಡಬೇಕೆಂದು 158ನೆಯ ಕಲಂ ಹೇಳುತ್ತದೆ.

7. ತುರ್ತು ಚಿಕಿತ್ಸೆಗೆ ಒಪ್ಪಿಗೆ ಕೊಡುವ ಅಧಿಕಾರ ಯಾರಿಗೆ, ಒಡೆಯರು ಸಿಗದಿದ್ದರೆ ಏನು ಮಾಡಬೇಕು ಎಂಬುದು.

8. ಕುದುರೆ ಸತ್ತರೆ, ಅಂಗವಿಕಲವಾದರೆ, ಕಳವಾದರೆ ನಷ್ಟ ಯಾರದು. ವಿಮೆಯ ಕಂತು ಯಾರದು. ಪರಿಹಾರದ ಹಣ ಯಾರಿಗೆ. ಎರವಲಿನ ವಿಷಯವನ್ನು ವಿಮಾ ಕಂಪನಿಗೆ ಮೊದಲೇ ಲಿಖಿತವಾಗಿ ತಿಳಿಸಬೇಕು. ಬಳಕೆ ಮತ್ತು ಸ್ಥಳ ಬದಲಾದುದನ್ನು ಮುಚ್ಚಿಟ್ಟರೆ ಪರಿಹಾರ ಸಿಗದೆ ಹೋಗಬಹುದು.

9. ಹೆಣ್ಣು ಕುದುರೆಯಾದರೆ ಮರಿ ಯಾರದು, ಗಂಡು ತೋರಿಸುವ ಅಧಿಕಾರವಿದೆಯೇ ಎಂಬುದು. ಗರ್ಭಕಾಲ ಸುಮಾರು ಹನ್ನೊಂದು ತಿಂಗಳು. ಆದುದರಿಂದ ಕೊಡುವ ದಿನವೇ ಗರ್ಭವಿದೆಯೇ ಎಂದು ವೈದ್ಯರಿಂದ ಪರೀಕ್ಷೆ ಮಾಡಿಸಿ ಬರೆದಿಡುವುದು ಲೇಸು.

10. ಎಷ್ಟು ದಿನಗಳ ಸೂಚನೆ ಕೊಟ್ಟು ಎರವಲನ್ನು ಕೊನೆಗೊಳಿಸಬಹುದು, ಮರಳಿ ತಲುಪಿಸುವ ಖರ್ಚು ಯಾರದು, ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಕುದುರೆಯನ್ನು ಯಾರಿಗೆ ಒಪ್ಪಿಸಬೇಕು ಎಂಬುದು.

11. ಒಡೆಯರು ಬಂದು ಕುದುರೆಯನ್ನು ನೋಡಿಹೋಗುವ ಹಕ್ಕು.

ಈ ಕೊನೆಯ ಹಕ್ಕು ಬರಿಯ ಅಕ್ಷರವಾಗಿ ಉಳಿಯಬಾರದು. ತಿಂಗಳಿಗೊಮ್ಮೆಯಾದರೂ ಹೋಗಿ ಕಣ್ಣಾರೆ ನೋಡಬೇಕು. ಕುದುರೆ ಬಡವಾಗಿದ್ದರೆ ಅದು ಮೊದಲು ಕಾಣುವುದು ಒಡೆಯನ ಕಣ್ಣಿಗೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ ಮೇರೆಗೆ, ಕ್ರೌರ್ಯವನ್ನು ತಡೆಯಲು ತಕ್ಕ ಎಚ್ಚರಿಕೆ, ಮೇಲ್ವಿಚಾರಣೆ ಮಾಡದ ಒಡೆಯನೂ ಅಪರಾಧಿಯೆನಿಸಬಹುದು. ಎರವಲು ಕೊಟ್ಟೆನೆಂಬ ಮಾತ್ರಕ್ಕೆ ಹೊಣೆ ಹೆಗಲಿನಿಂದ ಇಳಿಯುವುದಿಲ್ಲ.

ಹೊರಡುವ ಮುನ್ನ

ಕುದುರೆ ಮನೆ ಬಿಡುವ ಮೊದಲು ಪಶುವೈದ್ಯರಿಂದ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯಿರಿ. ವಾಹನದಲ್ಲಿ ಸಾಗಿಸಲು 1978ರ ಪ್ರಾಣಿ ಸಾಗಾಣಿಕೆ ನಿಯಮಗಳ ಪ್ರಕಾರ ಆ ಪತ್ರ ಬೇಕೇ ಬೇಕು. ಮರಳಿ ಬಂದಾಗ ಯಾವ ಸ್ಥಿತಿಯಲ್ಲಿ ಹೋಗಿತ್ತೆಂದು ತೋರಿಸಲೂ ಅದು ಆಧಾರ. ಗ್ಲ್ಯಾಂಡರ್ಸ್ ಎಂಬ ರೋಗದ ಪರೀಕ್ಷೆಯನ್ನು ಮರೆಯಬೇಡಿ. ಅದು ಕುದುರೆಯಿಂದ ಮನುಷ್ಯರಿಗೂ ಹರಡಬಲ್ಲ ರೋಗ. ದೃಢಪಟ್ಟ ಕುದುರೆಯನ್ನು ಉಳಿಸಿಕೊಳ್ಳಲು ಕಾನೂನು ಬಿಡುವುದಿಲ್ಲ. ಇದರ ಅಧಿಕೃತ ಪರೀಕ್ಷೆ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನ ಕೇಂದ್ರದಲ್ಲಿ ನಡೆಯುತ್ತದೆ. ರಕ್ತದ ಮಾದರಿ ಕಳುಹಿಸುವ ಬಗೆಯನ್ನು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಬೇಕು. ಹಲವು ಊರುಗಳ ಕುದುರೆಗಳು ಸೇರುವ ಜಾತ್ರೆ, ಮೆರವಣಿಗೆಗಳಿಗೆ ಕಳುಹಿಸುವವರು ಇದರಲ್ಲಿ ವಿಶೇಷ ಎಚ್ಚರ ವಹಿಸಬೇಕು.

ಮಠ, ದೇವಾಲಯಗಳಿಗೆ ಕೊಡುವಾಗ

ಸದ್ಭಕ್ತರಲ್ಲಿ ಒಂದು ವಿನಂತಿ. ಮಠದ ಉತ್ಸವಕ್ಕೆಂದು ಕುದುರೆಯನ್ನು ಒಪ್ಪಿಸುವಾಗ ನಿಮ್ಮ ಸಂಕಲ್ಪವನ್ನು ನೀವೇ ಮೊದಲು ಸ್ಪಷ್ಟಪಡಿಸಿಕೊಳ್ಳಿ. ಕಾಣಿಕೆಯಾಗಿ ಅರ್ಪಿಸುವಿರಾದರೆ ಪೂರ್ಣ ಮನಸ್ಸಿನಿಂದ ಅರ್ಪಿಸಿ, ಹಾಗೆಂದು ಬರೆದುಕೊಡಿ. ಒಮ್ಮೆ ಪೂರ್ಣಗೊಂಡ ದಾನವನ್ನು ಮನಸ್ಸು ಬದಲಾಯಿತೆಂದು ಮರಳಿ ಪಡೆಯಲು ಕಾನೂನು ಒಪ್ಪುವುದಿಲ್ಲ, ಧರ್ಮವೂ ಒಪ್ಪುವುದಿಲ್ಲ. ಉತ್ಸವದ ಸೇವೆಗೆ ಮಾತ್ರ ಕಳುಹಿಸುವಿರಾದರೆ "ಸೇವೆಗಾಗಿ ಇಷ್ಟು ದಿನ ಎರವಲು" ಎಂದು ಚೀಟಿ ಬರೆದು ಸ್ವೀಕೃತಿ ಪಡೆಯಿರಿ. ಇದರಿಂದ ಭಕ್ತಿಗೆ ಊನವಿಲ್ಲ. ಮಠದ ಲೆಕ್ಕ ಬರೆಯುವವರಿಗೂ ಇದು ಅನುಕೂಲ. ಮುಂದೆ ನಿಮ್ಮ ಮಕ್ಕಳು ಮಠದೊಂದಿಗೆ ವಾದಕ್ಕೆ ನಿಲ್ಲುವ ಅನಿಷ್ಟವೂ ತಪ್ಪುತ್ತದೆ. ಅಣ್ಣತಮ್ಮಂದಿರ ಜಂಟಿ ಒಡೆತನದ ಕುದುರೆಯಾದರೆ ಎಲ್ಲರ ಸಮ್ಮತಿಯ ಸಹಿಯೂ ಇರಲಿ.

ವಿವಾದ ಬಂದರೆ

ಇಷ್ಟಾಗಿಯೂ ಕುದುರೆ ಮರಳದಿದ್ದರೆ, ಮೊದಲು ಹಿರಿಯರ ಸಮಕ್ಷಮದಲ್ಲಿ ಕೇಳಿ. ಬಗ್ಗದಿದ್ದರೆ, ತಲುಪಿದ್ದಕ್ಕೆ ಪುರಾವೆ ಸಿಗುವಂತೆ ಅಂಚೆಯ ಮೂಲಕ ಲಿಖಿತ ಬೇಡಿಕೆ ಕಳುಹಿಸಿ. ವಾಟ್ಸ್ಆ್ಯಪ್‌ನಲ್ಲಿ ನಡೆದ ಮಾತುಕತೆಯನ್ನು ಅಳಿಸಬೇಡಿ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ ತಕ್ಕ ಪ್ರಮಾಣಪತ್ರದೊಂದಿಗೆ ಅಂತಹ ದಾಖಲೆಯನ್ನೂ ನ್ಯಾಯಾಲಯದ ಮುಂದಿಡಬಹುದು. ಕುದುರೆಯನ್ನೇ ಮರಳಿ ಕೊಡಿಸುವಂತೆ 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದಡಿ ದಾವೆ ಹೂಡಬಹುದು. ಇಂತಹ ದಾವೆಗಳಿಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿ ಇರುವುದರಿಂದ ಸಂಕೋಚದಲ್ಲಿ ವರ್ಷಗಳನ್ನು ಕಳೆಯಬಾರದು.

ನಂಬಿ ಒಪ್ಪಿಸಿದ ಕುದುರೆಯನ್ನು ಅಪ್ರಾಮಾಣಿಕವಾಗಿ ಮಾರಿಕೊಂಡರೆ ಅದು ನಂಬಿಕೆ ದ್ರೋಹದ ಅಪರಾಧ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 316ನೆಯ ಕಲಮಿನಲ್ಲಿ ಇದಕ್ಕೆ ಐದು ವರ್ಷಗಳವರೆಗೆ ಕಾರಾವಾಸ ವಿಧಿಸಬಹುದಾಗಿದೆ. ಆದರೆ ಬರಿಯ ತಡ, ಬರಿಯ ತಪ್ಪು ತಿಳಿವಳಿಕೆ ಅಪರಾಧವಲ್ಲ. ಅಪ್ರಾಮಾಣಿಕತೆ ಸಿದ್ಧವಾಗಬೇಕು. ಬಂಧುಗಳ ಮೇಲೆ ಪೊಲೀಸ್ ದೂರು ಕೊಡುವ ಮೊದಲು ನೂರು ಬಾರಿ ಯೋಚಿಸಬೇಕು. ಪತ್ರವಿದ್ದರೆ ಅಲ್ಲಿಯವರೆಗೆ ಹೋಗುವ ಪ್ರಸಂಗವೇ ಬಾರದು ಎಂಬುದು ನನ್ನ ಅನುಭವ. ಬರೆದು ಸಹಿ ಹಾಕಿದ ಮಾತನ್ನು ಮನುಷ್ಯ ಬೇಗ ಮರೆಯುವುದಿಲ್ಲ.

ಟ್ರಂಕಿನೊಳಗಿನ ಪತ್ರ

ನಮ್ಮ ಮನೆಯ ಕಥೆಯ ಕೊನೆಯನ್ನು ಹೇಳಿ ಮುಗಿಸುತ್ತೇನೆ. ನಾವು ನ್ಯಾಯಾಲಯಕ್ಕೆ ಹೋಗಲಿಲ್ಲ. ಹದಿನಾಲ್ಕು ವರ್ಷಗಳು ಕಳೆದವು. ಆ ಕುದುರೆ ಅಲ್ಲಿಯೇ ಮುದಿಯಾಗಿ ಸತ್ತಿತು. ಒಂದು ಪಂಚಮಿಯ ದಿನ, ಹೇಳದೆ ಕೇಳದೆ, ಅಕ್ಕ ಮಗನೊಡನೆ ಬಂದು ಬಾಗಿಲಲ್ಲಿ ನಿಂತಳು. ಅವಳ ಕೈಯಲ್ಲಿ ಹಳೆಯ ಅಂಚೆ ಪತ್ರವೊಂದಿತ್ತು. ಅವಳ ಮಾವನವರು ಲಿಂಗೈಕ್ಯರಾಗಿ ಎಷ್ಟೋ ವರ್ಷಗಳ ಮೇಲೆ ಅವರ ಟ್ರಂಕನ್ನು ಸ್ವಚ್ಛಮಾಡುವಾಗ ಹೊಲದ ಕಂದಾಯದ ರಸೀದಿಗಳ ನಡುವೆ ಸಿಕ್ಕಿದ್ದಂತೆ. ಅದು ನಮ್ಮ ತಂದೆಯವರ ಅಕ್ಷರ. ಬಾಣಂತನ, ಮಳೆ, ಬೆಳೆಗಳ ವಿಚಾರವಾದ ಮೇಲೆ ಕೊನೆಯಲ್ಲಿ ಎರಡೇ ಸಾಲು: ಸುಗ್ಗಿ ಮುಗಿಯುವವರೆಗೆ ಕುದುರೆ ನಿಮ್ಮಲ್ಲಿಯೇ ಇರಲಿ, ಆಮೇಲೆ ಆಳು ಕಳುಹಿಸಿ ತರಿಸಿಕೊಳ್ಳುತ್ತೇನೆ, ಹುರುಳಿ ಮಾತ್ರ ಕಡಿಮೆ ಮಾಡಬೇಡಿ.

ಅಣ್ಣ ಆ ಪತ್ರವನ್ನು ಎರಡು ಸಲ ಓದಿದ. "ಇದೊಂದು ಅಂದೇ ಸಿಕ್ಕಿದ್ದರೆ" ಎಂದಷ್ಟೇ ಹೇಳಿ ಅಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ. ಆ ಹೊತ್ತಿಗೆ ನಮ್ಮ ತಾಯಿಯೂ ಇರಲಿಲ್ಲ. ಮಗಳು ಬರುವಳೆಂದು ಪ್ರತಿ ಪಂಚಮಿಗೆ ಉಂಡಿ ಕಟ್ಟಿಟ್ಟು ಕಾಯುತ್ತಿದ್ದ ಆ ಜೀವ, ಎರಡು ವರ್ಷಗಳ ಮೊದಲೇ ಕಣ್ಣು ಮುಚ್ಚಿತ್ತು.

ಬಂಧುಗಳೇ, ಎರವಲು ಕೊಡುವುದನ್ನು ನಿಲ್ಲಿಸಬೇಡಿ. ಕೊಡುವ ದಿನವೇ, ಮನಸ್ಸುಗಳು ತಿಳಿಯಾಗಿರುವಾಗಲೇ, ಇಬ್ಬರೂ ಕುಳಿತು ಒಂದು ಹಾಳೆ ಬರೆಯಿರಿ. ಬರೆದುದನ್ನು ಮನೆಯವರಿಗೆ ಓದಿ ಹೇಳಿ, ಎಲ್ಲಿ ಇಟ್ಟಿರುವಿರೆಂದು ತೋರಿಸಿರಿ.